ಸೀಮೆಎಣ್ಣೆ ಹೀಟರ್‌ಗೆ ಎಣ್ಣೆ ತುಂಬೋ ಗೋಳು ಕಮ್ಮಿ ಮಾಡ್ಕೊಳ್ಳೋದು ಹೇಗೆ: ಜಪಾನಿನ ಚಳೀಲಿ ಇರೋ ಕನ್ನಡಿಗರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಐದೂವರೆ, ಹೊರಗಡೆ ಮೈನಸ್ ಎಂಟು ಡಿಗ್ರಿ, ಹೀಟರ್ ಪೀಂ ಪೀಂ ಅಂತ ಬಡ್ಕೊಳ್ತಾ ಇದೆ, ‘ಕ್ಯೂಯು’ ಲೈಟ್ ಮಿಣಮಿಣ ಅಂತಿದೆ, ಅಂದ್ರೆ ಎಣ್ಣೆ ಖಾಲಿ ಏಳಪ್ಪ ಮೇಲೆ ಅಂತ. ರಗ್ಗು ಸುತ್ಕೊಂಡು ಎದ್ದು, ಬಾಲ್ಕನಿ ಬಾಗಿಲು ತೆಗ್ದು, ಕತ್ತಲಲ್ಲಿ ಕೈ ನಡುಗಿಸ್ಕೊಂಡು ಪಂಪ್ ಅಮುಕಿ, ಅರ್ಧ ಟ್ಯಾಂಕಿಗೆ ಅರ್ಧ ಕಾಲಿಗೆ ಎಣ್ಣೆ ಹಾಕ್ಕೊಂಡು ವಾಪಸ್ ಬರೋದು. ನಾಗಾನೊ ಕಡೆಯ ಮತ್ಸುಮೊತೊ ಊರಿಗೆ ಬಂದ ಮೊದಲನೇ ಚಳಿಗಾಲ ಪೂರ್ತಿ ನನ್ನ ಬೆಳಗು ಹೀಗೇ ಆಗ್ತಿತ್ತು. ಈಗ ಅದೇ ಕೆಲಸ ಐದು ನಿಮಿಷದಲ್ಲಿ, ಕೈಗೆ ಒಂದು ತೊಟ್ಟು ಅಂಟದ ಹಾಗೆ ಮುಗಿಯುತ್ತೆ.

ಯಾಕೆ ಇಷ್ಟೊಂದು ಬರೀತಿದೀನಿ ಅಂದ್ರೆ, ಇದು ಬರೀ ಸುಖದ ಮಾತಲ್ಲ. ಎಣ್ಣೆ ಹಾಕೋದು ರೇಜಿಗೆ ಆದಷ್ಟೂ ನಾವು ಅಡ್ಡದಾರಿ ಹಿಡೀತೀವಿ, ಹೀಟರ್ ಆರಿಸದೇ ಅದರೊಳಗೆ ಕೂರೋ ಎಣ್ಣೆ ಟ್ಯಾಂಕನ್ನ ಎಳೀತೀವಿ, ಮುಚ್ಚಳ ಅರ್ಧ ತಿರುಗಿಸಿ ಸಾಕು ಅಂತೀವಿ. ಇಲ್ಲಿ ಹೀಟರ್ ಬೆಂಕಿ ಅನಾಹುತಗಳಲ್ಲಿ ಪದೇ ಪದೇ ಕೇಳಿಬರೋ ಕಾರಣಗಳು ಇವೇ.

ಮೊದಲು ಸ್ವಲ್ಪ ಲೆಕ್ಕ

ಇಲ್ಲಿ ಸೀಮೆಎಣ್ಣೆಗೆ ‘ಟೋಯು’ ಅಂತಾರೆ. ನಮ್ಮ ರೇಷನ್ ಅಂಗಡಿ ನೀಲಿ ಎಣ್ಣೆ ನೆನಪಿರೋರಿಗೆ ಇದನ್ನ ನೋಡಿದ್ರೆ ನೀರು ಅನ್ಸುತ್ತೆ, ಬಣ್ಣಾನೇ ಇಲ್ಲ, ಹೊಗೇನೂ ಕಮ್ಮಿ. ಮಾರೋದು 18 ಲೀಟರ್ ಲೆಕ್ಕದಲ್ಲಿ, ಅದಕ್ಕೇ ಪ್ಲಾಸ್ಟಿಕ್ ಡಬ್ಬಗಳೂ 18 ಲೀಟರ್‌ದೇ, ಪೋರಿಟ್ಯಾಂಕ್ ಅಂತ ಕರೀತಾರೆ. ಸೀಮೆಎಣ್ಣೆ ಲೀಟರ್‌ಗೆ ಸುಮಾರು 800 ಗ್ರಾಂ ತೂಗುತ್ತೆ, ಅಂದ್ರೆ ತುಂಬಿದ ಡಬ್ಬ ಹದಿನೈದು ಕೇಜಿ ಮೇಲೇನೇ. ಲಿಫ್ಟ್ ಇಲ್ಲದ ಅಪಾರ್ಟ್‌ಮೆಂಟಲ್ಲಿ ಮೂರನೇ ಮಹಡಿಗೆ ಹೊತ್ತು ನೋಡಿ, ಗೊತ್ತಾಗುತ್ತೆ.

ಒಂದು ಲೀಟರ್ ಎಣ್ಣೇಲಿ ಹತ್ರ ಹತ್ರ 10 ಯೂನಿಟ್ ಕರೆಂಟಿನಷ್ಟು ಶಾಖ ಇದೆ. 3.2 ಕಿಲೋವ್ಯಾಟ್ ಫ್ಯಾನ್ ಹೀಟರ್ (ಬಿಸಿಗಾಳಿ ಊದೋ ಥರದ್ದು) ಫುಲ್ ಉರಿದ್ರೆ ಗಂಟೆಗೆ 0.3 ಲೀಟರ್ ಚಿಲ್ಲರೆ ಕುಡಿಯುತ್ತೆ, ಹಾಗಾಗಿ 5 ಲೀಟರ್ ಟ್ಯಾಂಕು ಹದಿನಾರು ಗಂಟೆ. ರೂಮು ಬೆಚ್ಚಗಾದ ಮೇಲೆ ಉರಿ ತಾನೇ ಇಳಿಯೋದ್ರಿಂದ ನಮ್ಮನೇಲಿ ಒಂದು ಟ್ಯಾಂಕ್ ಎರಡೂವರೆ ದಿನ ಬರುತ್ತೆ. ಈ ಲೆಕ್ಕ ಗೊತ್ತಿದ್ರೆ ಒಂದು ದೊಡ್ಡ ಉಪಕಾರ ಏನಂದ್ರೆ ಲೈಟ್ ಮಿಣಕೋವರೆಗೂ ಕಾಯಬೇಕಿಲ್ಲ, ನಾನು ದಿನ ಬಿಟ್ಟು ದಿನ ಸಾಯಂಕಾಲ ಆಫೀಸಿಂದ ಬಂದು ಶೂ ಬಿಚ್ಚೋಕೂ ಮುಂಚೆ ಎಣ್ಣೆ ತುಂಬಿಸಿಬಿಡ್ತೀನಿ, ಹೀಟರ್ ಬೆಳಗ್ಗೆಯಿಂದ ಆರಿ ತಣ್ಣಗಿರುತ್ತೆ, ಮೈಮೇಲೆ ಜಾಕೆಟ್ ಇನ್ನೂ ಇರುತ್ತೆ. ಈ ಒಂದು ಬದಲಾವಣೇಲೇ ಅರ್ಧ ಗೋಳು ಹೋಯ್ತು ನೋಡಿ, ಒಂದು ಯೆನ್ನೂ ಖರ್ಚಿಲ್ಲ.

ಹಾಂ, ಹೊಸದಾಗಿ ಹೀಟರ್ ತಗೊಳ್ಳೋರು ಮೊದಲು ಮನೆ ಅಗ್ರಿಮೆಂಟ್ ತೆಗ್ದು ನೋಡಿ. ಎಷ್ಟೋ ಬಾಡಿಗೆ ಮನೆಗಳಲ್ಲಿ ಸೀಮೆಎಣ್ಣೆ ಹೀಟರ್ ಇಡೋ ಹಾಗೇ ಇಲ್ಲ ಅಂತ ಬರ್ದಿರುತ್ತೆ. ಆಮೇಲೆ ಟ್ಯಾಂಕ್ ಸೈಜು. 7 ಲೀಟರ್, 9 ಲೀಟರ್ ಟ್ಯಾಂಕಿನವೂ ಸಿಗ್ತವೆ, ತುಂಬಿಸೋ ಸಲ ಕಮ್ಮಿ ಆಗುತ್ತೆ ಆದ್ರೆ ತುಂಬಿದ 9 ಲೀಟರ್ ಟ್ಯಾಂಕನ್ನ ಎತ್ತಿ ತಲೆಕೆಳಗು ಮಾಡಿ ಇಳಿಸ್ಬೇಕು, ಏಳು ಕೇಜಿ ಮೇಲೆ ಭಾರ. ಎರಡೂ ತುದೀಲಿ ಹಿಡಿ ಇರೋ ಟ್ಯಾಂಕ್ ಆದ್ರೆ ಪರವಾಗಿಲ್ಲ, ಇಲ್ಲಾಂದ್ರೆ ವಯಸ್ಸಾದೋರು ಇರೋ ಮನೆಗೆ 5 ಲೀಟರ್‌ದೇ ವಾಸಿ. ಕೊರೊನಾ, ಡೈನಿಚಿ ಎರಡೂ ನೀಗಾತಾ ಕಡೆಯ ಕಂಪನಿಗಳು, ಹಿಮ ಬೀಳೋ ಸೀಮೆಯೋರಿಗೇ ಹೀಟರ್ ಸಂಕಟ ಗೊತ್ತು ಅಂತ ಕಾಣುತ್ತೆ, ಇಬ್ಬರ ಹತ್ರಾನೂ ಕೈಗೆ ಎಣ್ಣೆ ಅಂಟದಂಥ ಮುಚ್ಚಳದ ಮಾಡೆಲ್ ಇವೆ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಪಿಎಸ್‌ಸಿ ಅನ್ನೋ ಸುರಕ್ಷತೆಯ ಗುರುತು ಇದೆಯಾ ನೋಡಿ, 2011ರ ಏಪ್ರಿಲ್‌ನಿಂದ ಆ ಗುರುತಿಲ್ಲದ ಸೀಮೆಎಣ್ಣೆ ಹೀಟರ್ ಮಾರೋ ಹಾಗಿಲ್ಲ, ಅದಿದ್ರೆ ಉರೀತಿರುವಾಗ ಟ್ಯಾಂಕ್ ಎತ್ತಿದ ತಕ್ಷಣ ತಾನೇ ಆರೋ ವ್ಯವಸ್ಥೆ ಇರುತ್ತೆ. ಇದೆ ಅಂತ ಅದನ್ನೇ ದಿನಾ ಸ್ವಿಚ್ ಥರ ಬಳಸ್ಬೇಡಿ ಮತ್ತೆ.

ಡಬ್ಬ ಮತ್ತು ಬಂಕು

18 ಲೀಟರ್ ಡಬ್ಬ ಒಂದರ ಬದಲು 10 ಲೀಟರ್‌ದು ಎರಡು ತಗೊಳ್ಳಿ. ಹೋಮ್‌ಸೆಂಟರ್ ಅಂತಾರಲ್ಲ, ಮನೆ ಸಾಮಾನಿನ ದೊಡ್ಡ ಅಂಗಡಿಗಳು, ಅಲ್ಲೆಲ್ಲಾ ಸಿಗುತ್ತೆ, ತುಂಬಿದ್ರೆ ಒಂದೊಂದೂ ಎಂಟೂವರೆ ಕೇಜಿ ಆಜುಬಾಜು, ಎರಡು ಕೈಗೆ ಒಂದೊಂದು ಹಿಡ್ಕೊಂಡ್ರೆ ಬಿಂದಿಗೆ ಹೊತ್ತ ಹಾಗೆ ಸಮ ಆಗುತ್ತೆ, ಸೊಂಟ ಒಂದು ಕಡೆ ವಾಲಲ್ಲ. ಡಬ್ಬದ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತೆ, ಐದು ವರ್ಷ ಆಗಿದ್ರೆ ಬದಲಾಯಿಸಿ, ಬಿಸಿಲು ತಿಂದ ಪ್ಲಾಸ್ಟಿಕ್ ಪೆಡಸಾಗಿ ಸೀಳುತ್ತೆ. ಮುಚ್ಚಳದ ಒಳಗಿನ ರಬ್ಬರ್ ವಾಷರ್ ವರ್ಷಕ್ಕೊಂದ್ಸಲ ಕೈಲಿ ಮುಟ್ಟಿ ನೋಡಿ. ಚಳೀಲಿ ಮುಚ್ಚಳ ಕಚ್ಕೊಂಡುಬಿಡುತ್ತೆ, ಅದಕ್ಕೆ ನೂರು ಯೆನ್ ಅಂಗಡೀಲಿ ಒಂದು ಪ್ಲಾಸ್ಟಿಕ್ ಸ್ಪ್ಯಾನರ್ ಸಿಗುತ್ತೆ, ಒಂದು ತಗೊಂಡು ಡಬ್ಬದ ಹಿಡಿಗೆ ದಾರದಲ್ಲಿ ಕಟ್ಟಿಬಿಡಿ.

ಬಣ್ಣದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ, ಅಮೆರಿಕದಿಂದ ಇಲ್ಲಿಗೆ ಬಂದೋರು ಮುಖ್ಯವಾಗಿ. ಅಲ್ಲಿ ಕೆಂಪು ಡಬ್ಬ ಅಂದ್ರೆ ಪೆಟ್ರೋಲು, ನೀಲಿ ಅಂದ್ರೆ ಸೀಮೆಎಣ್ಣೆ. ಇಲ್ಲಿ ಟೋಕಿಯೋ ಕಡೆ ಕೆಂಪು ಪೋರಿಟ್ಯಾಂಕು, ಒಸಾಕಾ ಕಡೆ ನೀಲಿ, ಎರಡೂ ಸೀಮೆಎಣ್ಣೆಗೇ. ಪೆಟ್ರೋಲನ್ನ ಪೋರಿಟ್ಯಾಂಕಿಗೆ ಹಾಕೋದು ಕಾನೂನು ಪ್ರಕಾರ ತಪ್ಪು, ಅದಕ್ಕೆ ಕಬ್ಬಿಣದ ಕ್ಯಾನೇ ಬೇಕು. ಹಾಗೇ ಅಮೆರಿಕದಲ್ಲಿ ಇರೋರು ಕೆ-1 ಅಂತ ಬರ್ದಿರೋ ಸೀಮೆಎಣ್ಣೇನೇ ತಗೊಳ್ಳಿ, ಗಂಧಕ ಕಮ್ಮಿ ಇರೋದು ಅದು.

ನಾವೇ ತುಂಬಿಸ್ಕೊಳ್ಳೋ ಸೆಲ್ಫ್ ಬಂಕಲ್ಲಿ ಟೋಯು ಪಂಪು ಸಾಮಾನ್ಯವಾಗಿ ಮೂಲೇಲಿ ಒಂಟಿಯಾಗಿ ನಿಂತಿರುತ್ತೆ. ಡೀಸೆಲ್‌ಗೆ ‘ಕೇಯು’ ಅಂತಾರೆ, ಟೋಯು ಕೇಯು ಕೇಳೋಕೂ ಒಂದೇ ಥರ ನೋಡೋಕೂ ಒಂದೇ ಥರ, ಎರಡರಲ್ಲೂ ಎರಡನೇ ಅಕ್ಷರ ಒಂದೇ. ಕಾಂಜಿ (ಚಿತ್ರದಂಥ ಜಪಾನಿ ಅಕ್ಷರ) ಬರದೇ ಇರೋರಿಗೆ ಒಂದು ಗುರುತು ಹೇಳ್ತೀನಿ: ಟೋಯುವಿನ ಮೊದಲಕ್ಷರದ ಎಡಗಡೆ ‘ಬೆಂಕಿ’ ಅನ್ನೋ ಚಿಹ್ನೆ ಇದೆ, ಮನುಷ್ಯ ಎರಡು ಕೈ ಬೀಸ್ತಿರೋ ಹಾಗೆ ಕಾಣುತ್ತೆ. ಕೇಯುವಿನ ಎಡಗಡೆ ‘ಗಾಡಿ’ ಅನ್ನೋ ಚಿಹ್ನೆ, ಚೌಕಾಚೌಕವಾಗಿ ಕಿಟಕಿ ಥರ. ಬೆಂಕಿ ಮನೆಗೆ, ಗಾಡಿ ಗಾಡಿಗೆ, ಅಷ್ಟೇ. ನಾಜಲ್ ಬಣ್ಣಾನೂ ನೋಡ್ಕೊಳ್ಳಿ, ಸೀಮೆಎಣ್ಣೇದು ನೀಲಿ, ಡೀಸೆಲ್ ಹಸಿರು, ಪೆಟ್ರೋಲು ಕೆಂಪು ಇಲ್ಲಾ ಹಳದಿ. ಮನೆಗೆ ಬಂದ ಮೇಲೆ ಡಬ್ಬದಲ್ಲಿ ಇರೋದು ಏನಪ್ಪ ಅಂತ ಅನುಮಾನ ಬಂದ್ರೆ ಬೆಂಕಿಯಿಂದ ದೂರ ಹೋಗಿ ಬೆರಳ ತುದಿಗೆ ಒಂದು ತೊಟ್ಟು ಹಚ್ಚಿ ಊದಿ, ಪೆಟ್ರೋಲ್ ಆದ್ರೆ ತಣ್ಣಗೆ ಅನ್ಸಿ ಕ್ಷಣದಲ್ಲಿ ಒಣಗಿಹೋಗುತ್ತೆ, ಸೀಮೆಎಣ್ಣೆ ಒದ್ದೆಯಾಗೇ ಇರುತ್ತೆ. ಇಲ್ಲಿನ ಪೆಟ್ರೋಲಿಗೆ ಕಿತ್ತಳೆ ಬಣ್ಣ ಬೇರೆ ಹಾಕಿರ್ತಾರೆ.

ಡಬ್ಬಾನ ಕತ್ತಿನವರೆಗೂ ತುಂಬಿಸ್ಬೇಡಿ. ಚಳೀಲಿ ತುಂಬಿದ ಎಣ್ಣೆ ಬೆಚ್ಚಗಿರೋ ಜಾಗಕ್ಕೆ ಬಂದ್ರೆ ಉಬ್ಬುತ್ತೆ, 18 ಲೀಟರ್‌ಗೆ 20 ಡಿಗ್ರಿ ವ್ಯತ್ಯಾಸ ಅಂದ್ರೆ ಮುನ್ನೂರು ಎಂಎಲ್ ಮೇಲೇನೇ ಜಾಸ್ತಿ ಆಗುತ್ತೆ. ಕಾರಲ್ಲಿ ತರುವಾಗ ಅಡಿಗೆ ಒಂದು ಪ್ಲಾಸ್ಟಿಕ್ ಟಬ್ ಇಟ್ಟು ಸೀಟ್‌ಬೆಲ್ಟ್ ಬಿಗಿದ್ರೆ ಸಾಕು.

ಇನ್ನು, ಹೊರೋದೇ ಬೇಡ ಅನ್ನೋರಿಗೆ ಡೆಲಿವರಿ ಇದೆ. ಚಳಿಗಾಲದಲ್ಲಿ ಹಾಡು ಹಾಕ್ಕೊಂಡು ಬೀದಿ ಬೀದಿ ಸುತ್ತೋ ಎಣ್ಣೆ ಲಾರಿ ಬರುತ್ತೆ (ನನ್ನ ಮಗಳು ಮೊದಲು ಐಸ್‌ಕ್ರೀಂ ಗಾಡಿ ಅಂದ್ಕೊಂಡು ಓಡಿದ್ಲು), ಕೆಲವು ಬಂಕ್‌ಗಳು, ಕೋಆಪ್‌ಗಳು (ಸಹಕಾರ ಸಂಘಗಳು) ವಾರಕ್ಕೊಂದು ದಿನ ಅಂತ ಗೊತ್ತು ಮಾಡ್ಕೊಂಡು ಬಾಗಿಲ ಹತ್ರ ಇಟ್ಟ ಡಬ್ಬಕ್ಕೆ ತುಂಬಿಸಿ ಹೋಗ್ತಾರೆ. ಲೀಟರ್‌ಗೆ ಸ್ವಲ್ಪ ದುಡ್ಡು ಜಾಸ್ತಿ, ಬೆನ್ನುನೋವಿನ ಡಾಕ್ಟರ್ ಫೀಸಿಗಿಂತ ಕಮ್ಮಿ. ಹೊಕ್ಕೈಡೋದಲ್ಲಿ ಇರೋರಿಗೆ ಈ ಲೇಖನಾನೇ ಬೇಡ ಅನ್ಸುತ್ತೆ, ಅಲ್ಲಿ ಮನೆ ಹೊರಗೆ 490 ಲೀಟರ್ ಟ್ಯಾಂಕ್ ಇಟ್ಟು ಪೈಪಲ್ಲೇ ಒಳಗೆ ತಂದಿರ್ತಾರೆ, ಪುಣ್ಯವಂತರು.

ಒಂದು ಜಾಗ ಗೊತ್ತು ಮಾಡಿ

ನನ್ನ ದೊಡ್ಡ ತಪ್ಪು ಇದೇ ಆಗಿತ್ತು, ಡಬ್ಬ ಬಾಲ್ಕನೀಲಿ, ಪಂಪು ಬಾತ್‌ರೂಮಲ್ಲಿ, ಪೇಪರ್ ಅಡುಗೆಮನೇಲಿ. ಈಗ ಎಲ್ಲಾ ಗೆಂಕಾನ್‌ನಲ್ಲಿ, ಅಂದ್ರೆ ಬಾಗಿಲ ಒಳಗೆ ಚಪ್ಪಲಿ ಬಿಡೋ ಕಲ್ಲುಹಾಸಿನ ಜಾಗದಲ್ಲಿ. ಅಲ್ಲಿ ಬಿಸಿಲು ಬೀಳಲ್ಲ, ಬೆಂಕಿ ಇಲ್ಲ, ಚೆಲ್ಲಿದ್ರೂ ಟೈಲ್ಸು, ಹೊರಗಿನಷ್ಟು ಕೊರೆಯಲ್ಲ. ಬಾಗಿಲು ಸ್ವಲ್ಪ ತೆಗೆದ್ರೆ ವಾಸನೇನೂ ಹೋಗುತ್ತೆ. ಬಾಲ್ಕನೀಲೇ ಇಡ್ಬೇಕು ಅನ್ನೋ ಪರಿಸ್ಥಿತಿ ಇದ್ರೆ ಬಿಸಿಲು ಮಳೆ ತಾಗದ ಹಾಗೆ ಮುಚ್ಚಿದ ಪೆಟ್ಟಿಗೇಲಿ ಇಡಿ.

ಡಬ್ಬದ ಅಡಿಗೆ ಗಾಲಿ ಇರೋ ಟ್ರೇ ಒಂದು ಹಾಕಿದೀನಿ. ಪಕ್ಕದಲ್ಲಿ ಮೊಣಕಾಲೆತ್ತರದ ಗಟ್ಟಿ ಸ್ಟೂಲು (ಯಾಕೆ ಅಂತ ಈಗ ಹೇಳ್ತೀನಿ), ಒಂದು ಮುಚ್ಚಳದ ಡಬ್ಬೀಲಿ ಗ್ಲೌಸು, ಹಳೇ ಪೇಪರು, ಟಿಶ್ಯೂ ರೋಲು, ಸ್ಪೇರ್ ಬ್ಯಾಟರಿ. 2 ಲೀಟರ್ ನೀರಿನ ಬಾಟಲಿ ಕತ್ತು ಕತ್ತರಿಸಿ ಅದ್ರಲ್ಲಿ ಪಂಪನ್ನ ನೇರವಾಗಿ ನಿಲ್ಸಿದೀನಿ, ಪೈಪಲ್ಲಿ ಉಳಿದ ಎಣ್ಣೆ ಅದಕ್ಕೇ ಇಳಿಯುತ್ತೆ. ಇದಕ್ಕೆಲ್ಲಾ ಎರಡು ಸಾವಿರ ಯೆನ್ನೂ ಆಗಿಲ್ಲ.

ಪಂಪು

ಕೈಪಂಪು ಅಂದ್ರೆ ಕೆಂಪು ಬುರುಡೆ ಅಮುಕೋದು. ಯೋಶಿರೊ ನಕಾಮತ್ಸು ಅನ್ನೋ ಪ್ರಸಿದ್ಧ ಇನ್ವೆಂಟರ್ ‘ಇದನ್ನ ಕಂಡುಹಿಡಿದಿದ್ದು ನಾನೇ, ಅಮ್ಮ ದೊಡ್ಡ ಬಾಟಲಿಯಿಂದ ಸೋಯಾ ಸಾಸ್ ಬಗ್ಗಿಸೋಕೆ ಪರದಾಡೋದು ನೋಡಿ ಹುಡುಗನಾಗಿದ್ದಾಗಲೇ ಮಾಡ್ದೆ’ ಅಂತ ಹೇಳ್ಕೋತಾರೆ. ಅದು ಹೇಗಾದ್ರೂ ಇರಲಿ, ತುಂಬಾ ಜನ ಇದನ್ನ ಪೂರ್ತಿ ಟ್ಯಾಂಕ್ ತುಂಬೋವರೆಗೂ ಅಮುಕ್ತಾನೇ ಇರ್ತಾರೆ, ನಾನೂ ಅಷ್ಟೇ ಮಾಡ್ತಿದ್ದೆ. ಬೇಕಿಲ್ಲ! ಮೇಲಿನ ಡಬ್ಬದ ಎಣ್ಣೆ ಮಟ್ಟ ಕೆಳಗಿನ ಟ್ಯಾಂಕಿನ ಮಟ್ಟಕ್ಕಿಂತ ಎತ್ತರದಲ್ಲಿ ಇದ್ರೆ ಮೂರ್ನಾಕು ಸಲ ಅಮುಕಿ ಬಿಟ್ರೆ ತಾನೇ ಹರಿಯುತ್ತೆ, ತೊಟ್ಟಿಯಿಂದ ಪೈಪಲ್ಲಿ ನೀರು ಎಳೆಯೋ ಲೆಕ್ಕಾನೇ. ಡಬ್ಬ ತುಂಬಿದ್ದಾಗ ನೆಲದ ಮೇಲೇ ಇಟ್ರೂ ಹರಿಯುತ್ತೆ, ಅರ್ಧಕ್ಕಿಂತ ಕಮ್ಮಿ ಆದ ಮೇಲೆ ಎರಡೂ ಮಟ್ಟ ಸಮ ಆಗಿ ನಿಂತುಹೋಗುತ್ತೆ, ಆಗ ಕೈ ನೋಯೋ ಕೆಲಸ ಶುರು. ಸ್ಟೂಲು ಇರೋದು ಇದಕ್ಕೇ. ಅರ್ಧ ಖಾಲಿ ಆದ ಡಬ್ಬ ಭಾರ ಕಮ್ಮಿ ಇರುತ್ತೆ, ಎತ್ತಿ ಸ್ಟೂಲ್ ಮೇಲೆ ಇಟ್ರೆ ಮತ್ತೆ ಸರಾಗ. ಆದ್ರೆ ಅಲ್ಲಿ ಒಂದು ಅಪಾಯ ಇದೆ, ತಾನೇ ಹರಿಯೋದು ತಾನೇ ನಿಲ್ಲಲ್ಲ, ಟ್ಯಾಂಕ್ ತುಂಬಿದ ಮೇಲೂ ಹರೀತಾನೇ ಇರುತ್ತೆ. ಪಂಪಿನ ತಲೇಲಿ ಇರೋ ಸಣ್ಣ ತಿರುಪು ಸಡಿಲ ಮಾಡಿದ್ರೆ ಗಾಳಿ ಹೋಗಿ ನಿಲ್ಲುತ್ತೆ, ಆ ತಿರುಪಿನ ಮೇಲೆ ಕೈ ಇಟ್ಕೊಂಡೇ ನಿಂತಿರಿ. ಒಂದ್ಸಲ ‘ಒಂದೇ ನಿಮಿಷ, ಕುಕ್ಕರ್ ಆರಿಸಿ ಬರ್ತೀನಿ’ ಅಂತ ಹೋದೆ, ಮೂರನೇ ವಿಷಲ್ ಬರೋ ಹೊತ್ತಿಗೆ ಗೆಂಕಾನ್ ತುಂಬಾ ಎಣ್ಣೆ, ಅಮ್ಮನ ಹೊಸ ಶಾಲೂ ಸೇರಿ.

ಬ್ಯಾಟರಿ ಪಂಪು ತಗೊಂಡ್ರೆ ಇನ್ನೂ ಸುಖ. ತುಂಬಿದ ಮೇಲೆ ತಾನೇ ನಿಲ್ಲೋ ಸೆನ್ಸರ್ ಇರೋದನ್ನೇ ತಗೊಳ್ಳಿ. ಆ ಸೆನ್ಸರ್ ನಾಜಲ್ ತುದೀಲಿ ಇರುತ್ತೆ, ನಾಜಲನ್ನ ಬಾಯಿಗೆ ಪೂರ್ತಿ ಇಳಿಸಿ ನೇರವಾಗಿ ಕೂರಿಸಿದ್ರೆ ಮಾತ್ರ ಸರಿಯಾಗಿ ಕೆಲಸ ಮಾಡೋದು, ಓರೆಯಾಗಿ ಸಿಕ್ಕಿಸಿದ್ರೆ ಎಣ್ಣೆ ಬಂದಿದ್ದೇ ಅದಕ್ಕೆ ಗೊತ್ತಾಗಲ್ಲ. ಆಟೋಮ್ಯಾಟಿಕ್ ಅಂತ ಬಿಟ್ಟು ಹೋಗ್ಬೇಡಿ. ಚಳಿಗೆ ಬ್ಯಾಟರಿ ಸೊರಗುತ್ತೆ, ಪಂಪ್ ಗುಂಯ್ ಅಂದು ಎಣ್ಣೆ ಬರ್ತಿಲ್ಲ ಅಂದ್ರೆ ಮೊದಲು ಅದನ್ನೇ ಬದಲಾಯಿಸಿ. ಅಂಗಡೀಲಿ ದಪ್ಪ ಸೆಲ್‌ಗೆ ‘ತಾನ್-ಇಚಿ’, ಸಣ್ಣದಕ್ಕೆ ‘ತಾನ್-ಸಾನ್’ ಅಂತ ಕೇಳ್ಬೇಕು. ನಾನೀಗ ಬಳಸ್ತಿರೋದು ಡಬ್ಬದ ಮುಚ್ಚಳದ ಜಾಗಕ್ಕೇ ತಿರುಗಿಸಿ ಕೂರಿಸೋ ಥರದ್ದು, ಡಬ್ಬ ಖಾಲಿ ಆಗೋವರೆಗೂ ತೆಗೆಯೋದೇ ಬೇಡ, ಪಂಪ್ ಎತ್ತಿದಾಗ ಸುರಿಯೋ ತಾಪತ್ರಯ ಇಲ್ಲ, ವಾಸನೇನೂ ಇಲ್ಲ. ಒಂದೇ ಒಂದು ಸಾಮಾನು ತಗೋತೀನಿ ಅನ್ನೋರು ಇದನ್ನ ತಗೊಳ್ಳಿ. ಎರಡು ಡಬ್ಬ ಇದ್ರೆ ಖಾಲಿಯಾದಾಗ ಪಂಪನ್ನ ಇನ್ನೊಂದಕ್ಕೆ ದಾಟಿಸೋದು, ಅಷ್ಟೇ.

ಊರಲ್ಲಿ ಪೈಪು ಬಾಯಲ್ಲಿ ಎಳೆದು ಪೆಟ್ರೋಲು ಸೀಮೆಎಣ್ಣೆ ತೆಗೀತಿದ್ದ ಶೂರರು ನಮ್ಮಲ್ಲಿ ಕಮ್ಮಿ ಇಲ್ಲ. ದಯವಿಟ್ಟು ಬೇಡ. ನೆತ್ತಿಗೆ ಹತ್ತಿ ಸ್ವಲ್ಪ ಶ್ವಾಸಕೋಶಕ್ಕೆ ಹೋದ್ರೂ ನ್ಯುಮೋನಿಯಾ ಥರ ಆಗುತ್ತೆ. ಯಾರಾದ್ರೂ ಕುಡಿದುಬಿಟ್ರೆ, ಮಕ್ಕಳು ವಿಶೇಷವಾಗಿ, ವಾಂತಿ ಮಾಡಿಸ್ಬೇಡಿ, ವಾಂತಿ ಬಂದಾಗ್ಲೇ ಅದು ಶ್ವಾಸಕೋಶಕ್ಕೆ ಹೋಗೋದು, ನೇರ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಡಬ್ಬ ಮಕ್ಕಳ ಕೈಗೆ ಸಿಗಬಾರದು, ನೀರಿನ ಥರಾನೇ ಕಾಣುತ್ತಲ್ಲ.

ತುಂಬೋ ಕ್ರಮ

ಹೀಟರ್ ಆರಿಸಿ. ಫ್ಯಾನ್ ನಿಲ್ಲೋವರೆಗೂ ಕಾಯಿರಿ, ಬತ್ತಿ ಹೀಟರ್ ಆದ್ರೆ ಉರಿ ಪೂರ್ತಿ ಸತ್ತಿದೆಯಾ ಕಣ್ಣಲ್ಲಿ ನೋಡಿ. ಆಮೇಲೆ ಟ್ಯಾಂಕ್ ಎತ್ತಿ, ಎತ್ತುವಾಗ ಮುಚ್ಚಳದ ಕಡೆಯಿಂದ ಒಂದೆರಡು ತೊಟ್ಟು ಬೀಳುತ್ತೆ, ಕೆಳಗೆ ಟಿಶ್ಯೂ ಹಿಡ್ಕೊಳ್ಳಿ. ಅದನ್ನ ಗೆಂಕಾನ್‌ಗೆ ತಗೊಂಡು ಹೋಗಿ, ಹೀಟರ್ ಪಕ್ಕದಲ್ಲೇ ತುಂಬಬೇಡಿ. ಟ್ರೇ ಮೇಲೆ ಪೇಪರ್ ಹಾಸಿ ಟ್ಯಾಂಕನ್ನ ಬಾಯಿ ಮೇಲಾಗಿ ನಿಲ್ಸಿ, ಮುಚ್ಚಳ ತೆಗ್ದು ಪೇಪರ್ ಮೇಲೆ ಮಲಗಿಸಿ, ನಾಜಲ್ ನೇರ ಇಳಿಸಿ, ಶುರು.

ಟ್ಯಾಂಕಿನ ಪಕ್ಕದಲ್ಲಿ ಎಣ್ಣೆ ಎಷ್ಟಿದೆ ಅಂತ ತೋರಿಸೋ ಕಿಟಕಿ ಇರುತ್ತೆ, ಅದು ನಮ್ಮ ಕಣ್ಣಿಗೆ, ಬೆಳಕಿಗೆ ಎದುರಾಗಿ ಇರೋ ಹಾಗೆ ಇಟ್ಕೊಳ್ಳಿ. ಗುರುತು ಮುಟ್ಟಿದ ತಕ್ಷಣ ನಿಲ್ಸಿ, ಇನ್ನೊಂಚೂರು ಹಿಡಿಯುತ್ತೆ ಅನ್ನೋ ಆಸೆ ಬೇಡ, ಆ ಉಬ್ಬೋ ಲೆಕ್ಕ ಇಲ್ಲೂ ಇದೆ. ನಿಲ್ಸಿದ ಮೇಲೆ ನಾಜಲನ್ನ ಬಾಯಿಂದ ಸ್ವಲ್ಪ ಮೇಲಕ್ಕೆತ್ತಿ ಹತ್ತು ಎಣಿಸಿ, ಪೈಪಲ್ಲಿರೋ ಎಣ್ಣೆ ಎಲ್ಲಾ ಇಳಿಯಲಿ. ಕೈ ವಾಸನೆ ಬರೋದು ಈ ಹತ್ತು ಎಣಿಸದೇ ಇರೋದ್ರಿಂದಾನೇ.

ಈಗ ಮುಚ್ಚಳ, ಇಡೀ ಕೆಲಸದಲ್ಲಿ ಜೀವ ಇರೋದು ಇಲ್ಲಿ. ಟ್ಯಾಂಕು ಹೀಟರ್ ಒಳಗೆ ತಲೆಕೆಳಗಾಗಿ ಕೂರುತ್ತೆ, ಮುಚ್ಚಳ ಸರಿಯಾಗಿ ಬಿದ್ದಿಲ್ಲ ಅಂದ್ರೆ ಐದು ಲೀಟರ್ ಎಣ್ಣೆ ಬಿಸಿ ಹೀಟರ್ ಮೇಲೆ ಸುರಿಯುತ್ತೆ. ತಿರುಪಿನ ಮುಚ್ಚಳ ಓರೆಯಾಗಿ ಕಚ್ಕೊಂಡ್ರೂ ಬಿಗಿಯಾದ ಹಾಗೇ ಅನ್ಸುತ್ತೆ, ಅದಕ್ಕೆ ಮೊದಲು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಎಳೆ ಕೂತ ಮೇಲೆ ಬಿಗಿ ಮಾಡಿ. ಅಮುಕಿ ಮುಚ್ಚೋ ಒನ್‌ಟಚ್ ಮುಚ್ಚಳ ಆದ್ರೆ ‘ಕಟಕ್’ ಅಂತ ಕೇಳ್ಬೇಕು. ಆಮೇಲೆ ಅಲ್ಲೇ ಟ್ರೇ ಮೇಲೇನೇ ಟ್ಯಾಂಕನ್ನ ತಲೆಕೆಳಗು ಮಾಡಿ ಐದು ಸೆಕೆಂಡ್ ಹಿಡೀರಿ. ತೊಟ್ಟಿಕ್ಕಲಿಲ್ಲ ಅಂದ್ರೆ ಮೇಲೆಲ್ಲಾ ಒರೆಸಿ ಒಳಗೆ ತಗೊಂಡು ಹೋಗಿ ಇಳಿಸಿ.

ತೆಗೆಯೋ ಟ್ಯಾಂಕ್ ಇಲ್ಲದ ಬತ್ತಿ ಹೀಟರ್‌ಗಳೂ ಇವೆ, ಅಮೆರಿಕದಲ್ಲಿ ಸಿಗೋ ಗುಂಡನೆಯವೂ ಅದೇ ಜಾತಿ. ಅವಕ್ಕೆ ಆರಿಸಿ ಪೂರ್ತಿ ತಣ್ಣಗಾದ ಮೇಲೇನೇ ಎಣ್ಣೆ, ಸಮತಟ್ಟಾದ ಜಾಗದಲ್ಲಿ, ಇಲ್ಲಾಂದ್ರೆ ಗೇಜು ಸುಳ್ಳು ಹೇಳುತ್ತೆ. ಬಾಯಲ್ಲಿರೋ ಜಾಲರಿ ತೆಗೀಬೇಡಿ, ನಮ್ಮಜ್ಜಿ ಲಾಳಿಕೆಗೆ ಬಟ್ಟೆ ಕಟ್ತಿದ್ರಲ್ಲ ಅದೇ ಕೆಲಸ ಅದು ಮಾಡೋದು.

ಹಚ್ಚಿದ ಮೇಲೆ ಗಂಟೆಗೆ ಒಂದೆರಡು ಸಲ ಒಂದೆರಡು ನಿಮಿಷ ಕಿಟಕಿ ತೆಗೀರಿ. ಒಂದು ಲೀಟರ್ ಎಣ್ಣೆ ಉರಿದ್ರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ರೂಮಿಗೇ ಬರುತ್ತೆ, ಬೆಳಗ್ಗೆ ಗಾಜು ಬೆವರೋದು ಅದಕ್ಕೇ. ಮಲಗುವಾಗ ಆರಿಸಿಬಿಡಿ.

ಚೆಲ್ಲಿದ್ರೆ

ಹೀಟರ್ ಆರಿಸಿ, ಕಿಟಕಿ ತೆಗ್ದು, ಪೇಪರ್ ಇಲ್ಲಾ ಟಿಶ್ಯೂ ಒತ್ತಿ ಹೀರಿಸಿ, ಉಜ್ಜಬೇಡಿ, ಉಜ್ಜಿದ್ರೆ ಹರಡುತ್ತೆ. ಆಮೇಲೆ ಮೈದಾ ಹಿಟ್ಟು ಉದುರಿಸಿ, ಹೀರ್ಕೊಂಡ ಮೇಲೆ ಗುಡಿಸಿ, ಪಾತ್ರೆ ಸೋಪಲ್ಲಿ ಒರೆಸಿ. ಕೊನೇಲಿ ಮಿಕಾನ್ ಅಂದ್ರೆ ಇಲ್ಲಿನ ಕಿತ್ತಳೆ ಸಿಪ್ಪೆಯಿಂದ ಉಜ್ಜೋದು ಪಕ್ಕದ ಮನೆ ಅಜ್ಜಿ ಹೇಳಿಕೊಟ್ಟಿದ್ದು, ವಾಸನೆ ನಿಜವಾಗ್ಲೂ ಇಳಿಯುತ್ತೆ. ಬಟ್ಟೆ ಮೇಲೆ ಬಿದ್ರೆ ನೇರ ಮಷೀನಿಗೆ ಹಾಕ್ಬೇಡಿ, ಹೊರಗೆ ಗಾಳಿಗೆ ಹಾಕಿ ವಾಸನೆ ಹೋಗೋವರೆಗೂ ಬಿಟ್ಟು ಆಮೇಲೆ ಬೇರೆಯಾಗಿ ಒಗೀರಿ, ಡ್ರೈಯರ್‌ಗೆ ಅಂತೂ ಹಾಕಲೇಬೇಡಿ, ಬೆಂಕಿ ಹತ್ತುತ್ತೆ. ಅಮ್ಮನ ಶಾಲು ನಾಕು ದಿನ ಬಾಲ್ಕನೀಲಿ ನೇತಾಡ್ತು, ಹಾಸನಕ್ಕೆ ವಾಪಸ್ ಹೋಗುವಾಗ ಅದನ್ನ ಇಲ್ಲೇ ಬಿಟ್ಟು ಹೋದ್ರು, ನಾನು ಏನೂ ಕೇಳಲಿಲ್ಲ.

ಮಾರ್ಚ್ ಕೊನೆಗೆ

ಹೂವು ಬಿಡೋ ಹೊತ್ತಿಗೆ ಡಬ್ಬ ಖಾಲಿ ಆಗೋ ಹಾಗೆ ಎಣ್ಣೆ ತರೋದು ಕಮ್ಮಿ ಮಾಡ್ತಾ ಬನ್ನಿ, ಫೆಬ್ರವರಿ ಆದ ಮೇಲೆ ನಾನು 10 ಲೀಟರ್ ಮಾತ್ರ ತರೋದು. ಬೇಸಿಗೆ ಕಳೆದ ಎಣ್ಣೆ ಹಳದಿ ತಿರುಗಿ ಹುಳಿ ವಾಸನೆ ಬರುತ್ತೆ, ಅದನ್ನ ಹಾಕಿದ್ರೆ ಬತ್ತಿ, ಬರ್ನರ್ ಕೆಡುತ್ತೆ. ಅರ್ಧ ಖಾಲಿ ಡಬ್ಬದಲ್ಲಿ ತೇವ ಕಟ್ಟಿ ನೀರೂ ಸೇರುತ್ತೆ, ನೀರು ಎಣ್ಣೆಗಿಂತ ಭಾರ ಆದ್ರಿಂದ ತಳದಲ್ಲಿ ಕೂರುತ್ತೆ, ಹಾಗಾಗಿ ಕೊನೆಯ ಒಂದು ಬೆರಳಿನಷ್ಟನ್ನ ಪಂಪಲ್ಲಿ ಎಳೀಬೇಡಿ. ಅನುಮಾನ ಇದ್ರೆ ಗಾಜಿನ ಬಾಟಲಿಗೆ ಬಗ್ಗಿಸಿ ನೋಡಿ, ನೀರು ತಳದಲ್ಲಿ ಗುಂಡುಗುಂಡಾಗಿ ಕಾಣುತ್ತೆ. ಹೀಟರ್ ಒಳಗಿನ ಸಣ್ಣ ತೊಟ್ಟೀಲಿ ಉಳಿದಿದ್ದನ್ನ ತೆಗೆಯೋಕೆ ಸ್ಪೊಯಿತೊ ಅಂತ ರಬ್ಬರ್ ಪಿಚಕಾರಿ ಸಿಗುತ್ತೆ, ಹೀಟರ್ ಜೊತೆಗೇ ಬಂದಿರಬಹುದು, ಡಬ್ಬೀಲಿ ಹುಡುಕಿ. ಉಳಿದ ಎಣ್ಣೇನ ಸಿಂಕಿಗೆ ಮೋರಿಗೆ ಸುರೀಬೇಡಿ, ತಗೊಂಡ ಬಂಕಿಗೇ ಫೋನ್ ಮಾಡಿ ಕೇಳಿದ್ರೆ ಸಾಮಾನ್ಯವಾಗಿ ವಾಪಸ್ ತಗೋತಾರೆ. ಪಂಪಿನ ಬ್ಯಾಟರಿ ಬಿಚ್ಚಿಡೋದು ಮರೀಬೇಡಿ, ನಾನು ಒಂದು ವರ್ಷ ಮರೆತು ನವೆಂಬರ್‌ನಲ್ಲಿ ತೆಗೆದಾಗ ಒಳಗೆಲ್ಲಾ ಹಸಿರು ಪುಡಿ ಕಟ್ಕೊಂಡು ಹೊಸ ಪಂಪೇ ತಗೊಳ್ಳೋ ಹಾಗಾಯ್ತು.